ನೀರು ಕಟ್ಟಿ ನೋಡಿದ್ರಾ?

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕನ್ನಡದವರೊಬ್ಬರು ಮಹಡಿಯ ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಿ ಮೂರು ತಿಂಗಳೂ ಆಗಿರಲಿಲ್ಲ. ಕೆಳಗೆ ಊಟದ ಮೇಜಿನ ನೇರಕ್ಕೆ, ಸೀಲಿಂಗಿನಲ್ಲಿ ಕಾಫಿ ಬಣ್ಣದ ಕಲೆ. ಕಂಟ್ರ್ಯಾಕ್ಟರ್ ಫೋನ್ ಎತ್ತುತ್ತಿಲ್ಲ. 28 ಸಾವಿರ ಡಾಲರಿನ ಕೆಲಸಕ್ಕೆ 12 ಸಾವಿರವನ್ನು ಮೊದಲ ದಿನವೇ ಕೊಟ್ಟಾಗಿತ್ತು. ಮೊಮ್ಮಗುವನ್ನು ನೋಡಲು ಊರಿಂದ ಬಂದಿದ್ದ ತಾಯಿ ಮಗನನ್ನು ಕೇಳಿದ್ದು ಒಂದೇ ಮಾತು: "ಟೈಲ್ಸ್ ಹಾಕೋಕೆ ಮುಂಚೆ ನೀರು ಕಟ್ಟಿ ನೋಡಿದ್ರೇನೋ?" ನೋಡಿರಲಿಲ್ಲ. ನೋಡಬೇಕು ಅಂತ ಆ ಮನೆಯಲ್ಲಿ ಯಾರಿಗೂ ಹೊಳೆದಿರಲೂ ಇಲ್ಲ.

ಬೆಂಗಳೂರಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಮೇಸ್ತ್ರಿ ಸಂಕನ್ ಸ್ಲ್ಯಾಬಿಗೆ, ಅಂದರೆ ಬಚ್ಚಲಿಗೆಂದು ತಗ್ಗಿಸಿ ಹಾಕಿದ ಸ್ಲ್ಯಾಬಿಗೆ, ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆದು, ಮೂಲೆಗಳಲ್ಲಿ ಗೋಡೆಯ ಮೇಲೂ ಒಂದಡಿ ಏರಿಸಿ, ಪೈಪಿನ ಬಾಯಿ ಮುಚ್ಚಿ, ಬಾಗಿಲಿಗೆ ಅಡ್ಡವಾಗಿ ಕಟ್ಟೆ ಕಟ್ಟಿ ನಾಲ್ಕು ಬೆರಳು ನೀರು ನಿಲ್ಲಿಸುತ್ತಾನೆ. ಎರಡು ದಿನ ಹಾಗೇ ಬಿಡುತ್ತಾರೆ. ಮನೆಯವರು ಕೆಳಗಿನ ಮನೆಗೆ ಹೋಗಿ ತಲೆಯೆತ್ತಿ ನೋಡಿ ಬರುತ್ತಾರೆ. ಟೈಲ್ಸ್ ಕೂರಿಸಿದ ಮೇಲೆ ಒಂದು ಚೊಂಬು ನೀರು ಸುರಿದು ಅದು ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಕಡೆಗೇ ಹರಿಯುತ್ತದೋ, ಕಮೋಡಿನ ಹಿಂದೆ ಹೋಗಿ ನಿಲ್ಲುತ್ತದೋ ನೋಡುತ್ತಾರೆ. ನಿಂತರೆ, ಗಾರೆ ಹಸಿಯಿರುವಾಗಲೇ ಆ ನಾಲ್ಕು ಕಲ್ಲು ಎತ್ತಿಸುತ್ತಾರೆ. ಶನಿವಾರ ಬಟವಾಡೆ, ಆ ವಾರ ಆದ ಕೆಲಸಕ್ಕೆ. ಮೇಸ್ತ್ರಿಯ ಮೇಲೆ ನಂಬಿಕೆಯಿಲ್ಲ ಅಂತಲ್ಲ, ಮನೆ ಕೆಲಸ ಮಾಡಿಸುವುದೆಂದರೆ ಎದುರಿಗೆ ನಿಂತು ಮಾಡಿಸುವುದು.

ಇಲ್ಲಿಗೆ ಬಂದ ಮೇಲೆ ನಾವು ಮೊದಲು ಬಿಟ್ಟದ್ದು ಆ ನಿಲ್ಲುವುದನ್ನೇ. ಗ್ಯಾರೇಜಿನ ಕೋಡ್ ಕೊಟ್ಟು ಆಫೀಸಿಗೆ ಹೋಗುತ್ತೇವೆ, ಸಂಜೆ ಫೋನಿಗೆ ಫೋಟೋ ಬರುತ್ತದೆ. ಕೆಲಸಗಾರನ ಹಿಂದೆ ನಿಂತು ನೋಡಿದರೆ ಮರ್ಯಾದೆಯಲ್ಲ ಅಂದುಕೊಳ್ಳುತ್ತೇವೆ. ಹನ್ನೆರಡು ಪುಟದ ಕರಾರು ಇದೆ, ಲೈಸೆನ್ಸ್ ನಂಬರಿದೆ, ಅಷ್ಟು ಸಾಕು ಅನ್ನಿಸಿಬಿಡುತ್ತದೆ.

ನಿಂತು ನೋಡಬೇಕಾದದ್ದು ನಿಜಕ್ಕೂ ಇಲ್ಲಿ. ಊರಿನ ಆರ್‌ಸಿಸಿ ಸ್ಲ್ಯಾಬ್ ಸೋರಿದರೆ ಉಪ್ಪು ಬಿಡುತ್ತದೆ, ಬಣ್ಣ ಏಳುತ್ತದೆ. ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಉದುರಲು ವರ್ಷಗಳೇ ಬೇಕು. ಇಲ್ಲಿ ಟೈಲ್ಸಿನ ಕೆಳಗಿರುವುದು ಮುಕ್ಕಾಲು ಇಂಚಿನ ಪ್ಲೈವುಡ್, ಅದರ ಕೆಳಗೆ ಮರದ ತೊಲೆ, ಆಮೇಲೆ ಕೆಳಗಿನ ಕೋಣೆಯ ಸೀಲಿಂಗಿನ ಡ್ರೈವಾಲ್ ಎಂಬ ಜಿಪ್ಸಂ ಹಲಗೆ. ದಿನಕ್ಕೆ ಒಂದು ಲೋಟ ನೀರು ಇಳಿದರೂ ಪ್ಲೈವುಡ್ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ. ಕಲೆ ಕಾಣುವ ಹೊತ್ತಿಗೆ ಒಳಗೆ ಮರ ಮೆತ್ತಗಾಗಿರುತ್ತದೆ.

ಟೈಲ್ಸೂ ಅದರ ಸಂದು ತುಂಬುವ ಗ್ರೌಟೂ ನೀರು ತಡೆಯುವುದಿಲ್ಲ, ತಡೆಯುವುದು ಅವುಗಳ ಕೆಳಗಿನ ಪದರ. ಹಳೇ ಪದ್ಧತಿಯ ಶವರಿನಲ್ಲಿ ಮೊದಲು ಗಾರೆಯಲ್ಲಿ ಅಡಿಗೆ ಕಾಲು ಇಂಚಿನ ಇಳಿಜಾರು ಕೊಡಬೇಕು, ಅದರ ಮೇಲೆ ಪಿವಿಸಿ ಹಾಳೆ ಅಥವಾ ಇಲ್ಲಿ ಹಾಟ್ ಮಾಪ್ ಎನ್ನುವ, ಕಾಯಿಸಿದ ಡಾಂಬರು ಬಳಿದ ಮೂರು ಪದರ ಫೆಲ್ಟ್, ಅದರ ಮೇಲೆ ಇನ್ನೊಂದು ಗಾರೆ, ಆಮೇಲೆ ಟೈಲ್ಸ್. ಅವಸರದ ಕೆಲಸದಲ್ಲಿ ಕೆಳಗಿನ ಆ ಮೊದಲ ಇಳಿಜಾರನ್ನೇ ಬಿಟ್ಟು ಹಾಳೆಯನ್ನು ಮಟ್ಟಸ ಪ್ಲೈವುಡ್ ಮೇಲೆ ಹಾಸುತ್ತಾರೆ. ಮೇಲೆ ನೋಡಿದರೆ ಇಳಿಜಾರು ಸರಿಯಾಗೇ ಇರುತ್ತದೆ, ಒಳಗೆ ಇಳಿದ ನೀರು ಮಾತ್ರ ಹರಿಯದೆ ಕೊಳೆಯುತ್ತದೆ. ಡ್ರೈನಿನ ಕುತ್ತಿಗೆಯ ಸುತ್ತ ವೀಪ್ ಹೋಲ್ ಎಂಬ ಸಣ್ಣ ತೂತುಗಳಿವೆ, ಹಾಳೆಯ ಮೇಲಿನ ನೀರು ಹೊರಹೋಗುವ ದಾರಿ ಅವು. ಅವುಗಳ ಮೇಲೆ ಒಂದು ಹಿಡಿ ಜಲ್ಲಿ ಹಾಕದೆ ಗಾರೆ ಮೆತ್ತಿದರೆ ದಾರಿ ಮುಚ್ಚಿತು. ಇನ್ನೊಂದು ತಪ್ಪು ಕರ್ಬಿನದು, ಅಂದರೆ ಶವರಿನ ಬಾಯಿಗಿರುವ ಪುಟ್ಟ ಕಟ್ಟೆಯದು. ಹಾಳೆ ಅದನ್ನು ಹತ್ತಿ ಆಚೆ ಬದಿಗೆ ಇಳಿಯಬೇಕು, ಮೊಳೆ ಹೊಡೆಯುವುದಿದ್ದರೆ ಆಚೆ ಬದಿಗೆ ಮಾತ್ರ. ಸಿಮೆಂಟ್ ಬೋರ್ಡ್ ನಿಲ್ಲಿಸಲು ಕಟ್ಟೆಯ ತಲೆಗೆ ಸ್ಕ್ರೂ ಬಿಗಿದರೆ ಹಾಳೆ ಅಲ್ಲೇ ತೂತು. ಸನ್ನಿವೇಲ್ ಮನೆಯಲ್ಲಿ ಬಿಚ್ಚಿದಾಗ ಸಿಕ್ಕಿದ್ದು ಇಂಥ ಮೂರು ಸ್ಕ್ರೂ.

ಗೋಡೆಯ ಕಥೆಯೂ ಅಷ್ಟೇ. ಸಿಮೆಂಟ್ ಬೋರ್ಡ್ ನೀರಲ್ಲಿ ಕರಗುವುದಿಲ್ಲ, ಆದರೆ ನೀರನ್ನು ಆಚೆ ಬಿಡುತ್ತದೆ. ಅದರ ಹಿಂದೆ ಹಾಳೆಯೋ, ಮುಂದೆ ಬಳಿಯುವ, ನೀರು ತಡೆಯುವ ಮೆಂಬ್ರೇನೋ ಬೇಕೇ ಬೇಕು. ಶಾಂಪೂ ಇಡುವ ಗೂಡು ಹೆಚ್ಚು ಸೋರುವ ಜಾಗಗಳಲ್ಲೊಂದು, ಅದರ ತಳ ಶವರಿನ ಕಡೆಗೆ ಸ್ವಲ್ಪ ವಾಲಿರಬೇಕು.

ಇಷ್ಟನ್ನೂ ಬಲ್ಲವರು ಯಾರೂ ಇಲ್ಲದಿದ್ದರೂ ಪರವಾಗಿಲ್ಲ, ನೀರು ಕಟ್ಟಿದರೆ ನೀರೇ ಹೇಳುತ್ತದೆ. ಡ್ರೈನಿಗೆ ಟೆಸ್ಟ್ ಪ್ಲಗ್ ಕೂರಿಸಿ, ಕರ್ಬಿನ ಅಂಚಿನ ತನಕ ನೀರು ತುಂಬಿ, ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು 24 ಗಂಟೆ ಬಿಡಬೇಕು. ಪ್ಲಗ್ಗನ್ನು ಹಾಳೆ ಡ್ರೈನಿಗೆ ಬಿಗಿಯಾಗಿ ಕೂಡುವ ಜಾಗಕ್ಕಿಂತ ಕೆಳಗೆ ಇಳಿಸಿರಬೇಕು, ಇಲ್ಲದಿದ್ದರೆ ಸೋರುವ ಆ ಜಾಗವೇ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಟೈಲ್ಸ್ ಹಾಕಿದ ಮೇಲೆ ಈ ಪರೀಕ್ಷೆ ಮಾಡಿದರೆ ಪ್ರಯೋಜನ ಕಡಿಮೆ. ಮೇಲಿನ ಗಾರೆ ನೀರು ಕುಡಿಯುವುದರಿಂದ ಮಟ್ಟ ಇಳಿದರೂ ಯಾಕೆ ಇಳಿಯಿತೆಂದು ಗೊತ್ತಾಗುವುದಿಲ್ಲ.

ದುಡ್ಡಿನ ವಿಷಯದಲ್ಲೂ ಶನಿವಾರದ ಬಟವಾಡೆಯ ಬುದ್ಧಿಯೇ ಲೇಸು. ಆಶ್ಚರ್ಯವೆಂದರೆ ಕ್ಯಾಲಿಫೋರ್ನಿಯಾದ ಕಾನೂನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಮನೆ ರಿಪೇರಿಯ ಕರಾರಿನಲ್ಲಿ ಮುಂಗಡ ಒಟ್ಟು ಮೊತ್ತದ ಶೇಕಡಾ 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. ಸರ್ಕಾರದ ಬಳಿ ವಿಶೇಷ ಬಾಂಡ್ ಇಟ್ಟ ಕೆಲವೇ ಕಂಪನಿಗಳಿಗೆ ಮಾತ್ರ ವಿನಾಯಿತಿ. ಆಮೇಲಿನ ಕಂತುಗಳು ಆದ ಕೆಲಸ, ಬಂದಿಳಿದ ಸಾಮಾನಿನ ಬೆಲೆಯನ್ನು ಮೀರಬಾರದು. "ಗಾಜು ಸ್ಪೆಷಲ್ ಆರ್ಡರ್ ಮಾಡಬೇಕು" ಎಂಬ ನೆಪಕ್ಕೂ ಅಲ್ಲಿ ಜಾಗವಿಲ್ಲ. ಮೊದಲ ದಿನ 12 ಸಾವಿರ ಕೇಳಿದವನು ಆ ಕ್ಷಣವೇ ಕಾನೂನು ಮುರಿದಿದ್ದ. ನಮ್ಮವರು ಅದನ್ನು ಇಲ್ಲಿನ ರೂಢಿ ಎಂದುಕೊಂಡು ಚೆಕ್ ಬರೆದರು.

ಊರಿನವರಿಗೆ ಹೊಸದಾಗಿ ಕಾಣುವುದು ಮೆಕ್ಯಾನಿಕ್ಸ್ ಲೀನ್. ಕಂಟ್ರ್ಯಾಕ್ಟರಿಗೆ ನಾವು ಪೂರ್ತಿ ಕೊಟ್ಟಿದ್ದರೂ, ಅವನು ಟೈಲ್ಸ್ ಅಂಗಡಿಗೋ ಪ್ಲಂಬರಿಗೋ ಕೊಡದಿದ್ದರೆ, ಅವರು ನಮ್ಮ ಮನೆಯ ಮೇಲೆ ಹಕ್ಕು ಹೂಡಬಹುದು. ಕೆಲಸ ಶುರುವಾದಾಗ ಅಂಥವರಿಂದ ಅಂಚೆಯಲ್ಲಿ ಪ್ರಿಲಿಮಿನರಿ ನೋಟಿಸ್, ಅಂದರೆ ಈ ಕೆಲಸದಲ್ಲಿ ತಮ್ಮ ಪಾಲೂ ಇದೆ ಎಂಬ ಮುನ್ಸೂಚನೆ, ಬಂದರೆ ಗಾಬರಿಯಾಗಬೇಡಿ, ಎಸೆಯಲೂ ಬೇಡಿ. ಯಾರ್ಯಾರಿಗೆ ದುಡ್ಡು ತಲುಪಬೇಕು ಅಂತ ತಿಳಿಯುವುದು ಅದರಿಂದಲೇ. ಪ್ರತಿ ಕಂತು ಕೊಡುವಾಗಲೂ ಅವರಿಂದ ಲೀನ್ ಬಿಡುಗಡೆ ಪತ್ರ ತೆಗೆದುಕೊಳ್ಳಬೇಕು.

ಊರಿನ ಪದ್ಧತಿಯನ್ನು ಇಷ್ಟು ಹೊಗಳಿದ ಮೇಲೆ ಇದನ್ನೂ ಒಪ್ಪಬೇಕು. ಅಲ್ಲೂ ಮುಂಗಡ ತಗೊಂಡು ಇನ್ನೊಂದು ಸೈಟಿಗೆ ಓಡುವ ಮೇಸ್ತ್ರಿಗಳಿದ್ದಾರೆ. ಹಬ್ಬಕ್ಕೆ ಊರಿಗೆ ಹೋದವನು ತಿಂಗಳಾದರೂ ಬರದಿದ್ದರೆ ಹಿಡಿಯಲು ಒಂದು ಲೈಸೆನ್ಸ್ ನಂಬರೂ ಇರುವುದಿಲ್ಲ. ಇಲ್ಲಿ ಕಂಟ್ರ್ಯಾಕ್ಟರುಗಳ ಲೈಸೆನ್ಸ್ ಮಂಡಳಿಯಿದೆ, ನಾಲ್ಕು ವರ್ಷದೊಳಗೆ ದೂರು ಕೊಡಬಹುದು. ಪ್ರತಿ ಲೈಸೆನ್ಸಿಗೂ 25 ಸಾವಿರ ಡಾಲರಿನ ಬಾಂಡ್ ಇದೆ. ವಕೀಲರಿಲ್ಲದೆ ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ 12,500 ಡಾಲರಿನವರೆಗೆ ಕೇಳಬಹುದು. ಲೈಸೆನ್ಸ್ ಸರಿಯಿದೆಯೇ, ಅದು ಕರಾರಿಗೆ ಸಹಿ ಹಾಕಿದವನದ್ದೇ ಹೌದೇ ಎಂದು ಮಂಡಳಿಯ ಜಾಲತಾಣದಲ್ಲಿ ನೋಡಲು ಎರಡು ನಿಮಿಷ ಸಾಕು.

ಎಲ್ಲಕ್ಕಿಂತ ಕಷ್ಟಪಟ್ಟು ಒಪ್ಪಬೇಕಾದದ್ದು ಇನ್ನೊಂದಿದೆ. ಶವರನ್ನು ಬುಡದಿಂದ ಹೊಸದು ಮಾಡಲು ಇಲ್ಲಿನ ನಗರಗಳಲ್ಲಿ ಪರ್ಮಿಟ್ ಬೇಕು. ಪರ್ಮಿಟ್ ಇದ್ದರೆ ಟೈಲ್ಸಿಗೆ ಮೊದಲು ನಗರದ ಇನ್‌ಸ್ಪೆಕ್ಟರ್ ಬರುತ್ತಾರೆ, ಶವರಿನ ತಳದಲ್ಲಿ ನಿಲ್ಲಿಸಿದ ನೀರನ್ನು ನೋಡಿಯೇ ಸಹಿ ಹಾಕುತ್ತಾರೆ. ಊರಿನ ಬಚ್ಚಲಿನ ರಿಪೇರಿಗೆ ಅಂಥವರು ಯಾರೂ ಬರುವುದಿಲ್ಲ. ಸನ್ನಿವೇಲ್‌ನಲ್ಲಿ ಕಂಟ್ರ್ಯಾಕ್ಟರ್ "ಪರ್ಮಿಟ್ ಬೇಡ, ಎರಡು ವಾರ ಉಳಿಯುತ್ತೆ, ದುಡ್ಡೂ ಉಳಿಯುತ್ತೆ" ಎಂದಾಗ ಮನೆಯವರು ಮರುಮಾತಾಡದೆ ಹೂಂ ಅಂದಿದ್ದರು. ಎದುರಿಗೆ ನಿಲ್ಲುವ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬಂದಿದ್ದವರು ಈ ಹೂಂ ಅನ್ನುವುದನ್ನು ಮಾತ್ರ ಜೊತೆಗೆ ತಂದಿದ್ದರು.