ಮಗ್ಗ ನಿಂತಾಗ ಯಾರ ಮ್ಯಾಲೆ ಸಂಶಯ?

ಅಮೆರಿಕಾದ ದೊಡ್ಡ ಬ್ಯಾಂಕು ಲೆಹ್ಮನ್ ಬ್ರದರ್ಸ್ ಮುಳುಗಿದ್ದು 2008ರ ಸೆಪ್ಟೆಂಬರ್‌ನಾಗ, ನಾ ಬಾಗಲಕೋಟಿ ಜಿಲ್ಲಾ ಬನಹಟ್ಟಿ ಬಿಟ್ಟು ನ್ಯೂಜೆರ್ಸಿಗೆ ಬಂದು ಆಗಿನ್ನೂ ವರ್ಷ ಆಗಿತ್ತಷ್ಟ. ಆಫೀಸಿನಾಗ ದಿನಾ ಒಂದೊಂದ್ ಕುರ್ಚಿ ಖಾಲಿ. ಇನ್ನ ಈ ಮಂದಿ ಸಂಸಾರ ಒಡದು ಹೋಗ್ತಾವ ಅಂತ ನಾ ತಿಳ್ಕೊಂಡಿದ್ದೆ, ಆಗಿದ್ದು ಉಲ್ಟಾ, ಆ ಹೊತ್ನ್ಯಾಗ ಅಮೆರಿಕಾದಾಗ ಡೈವೋರ್ಸ್ ಕಮ್ಮಿ ಆದ್ವು. ಪ್ರೀತಿ ಉಕ್ಕಿ ಬಂದಿತ್ತು ಅಂತಲ್ಲ ಮತ್ತ! ನಮ್ಮ ಬಾಜೂ ಮನಿ ಗಂಡ-ಹೆಂಡ್ತಿ ಬ್ಯಾರೆ ಆಗ್ಬೇಕಂತ ಮಾಡಿದ್ರು, ಆದ್ರ ಮನಿ ರೇಟು ಸಾಲಕ್ಕಿಂತ ಕೆಳಗ ಇಳದಿತ್ತು, ಮಾರಾಕ ಬರಂಗಿಲ್ಲ, ವಕೀಲಗ ಕೊಡಾಕ ರೊಕ್ಕಿಲ್ಲ, ಮಾರಿ ತಿರುವಿಕೊಂಡ ಒಂದ ಮನ್ಯಾಗ ಉಳಕೊಂಡ್ರು.

ನಮ್ಮ ನೇಕಾರರ ಊರಾಗ ಹಂಗಲ್ಲ. 2016ರ ನೋಟ್‌ಬಂದಿ, 2020ರ ಲಾಕ್‌ಡೌನ್, ಎರಡೂ ಸಲ ಮಗ್ಗ ನಿಂತ್ವು, ಸೀರಿ ಮಾರವಲ್ವು, ನೂಲಿನ ಬಾಕಿ ಹಂಗ ಏರ್ತು. ಮಗ್ಗ ನಿಂತ್ರ ಮನ್ಯಾಗ ನೂಲಿನ ಕಂಡಿಕಿ ಸುತ್ತೋ ಹೆಂಡ್ತಿ ಕೆಲಸಾನೂ ಹೋತು. ಗಂಡ ಪುಣೆಕ್ಕೋ ಗೋವಾಕ್ಕೋ ದುಡಿಯಾಕ ಹೋಗ್ತಾನ, ಆಕಿ ಅತ್ತಿ-ಮಾವನ ನೋಡ್ಕೊಂತ ಊರಾಗ. ಅಂವ ಅಲ್ಲಿ ಯಾರ್ನರ ಇಟ್ಕೊಂಡ್ರ 'ಗಂಡಸು, ಒಬ್ಬನ ಎಷ್ಟ್ ದಿನ ಇರ್ತಾನ' ಅಂತ ಮಂದಿ ಮುಗಸ್ತಾರ, ಆಕಿ ಕಿರಾಣಿ ಅಂಗಡ್ಯಾಗ ಎರಡು ಮಾತು ಜಾಸ್ತಿ ಆಡಿದ್ರ ಓಣಿ ಕಟ್ಟಿಮ್ಯಾಲೆ ಅದ ಸುದ್ದಿ. ನಮ್ಮವ್ವನೂ ಹಂಗ ಅಂತಾಳ, ಇದರ ಸಲುವಾಗಿ ನನಗೂ ಆಕಿಗೂ ಫೋನಿನ್ಯಾಗ ಜಗಳ ಆಗೇತಿ.

ಸಂಶಯ ಪಡಬೇಕಂದ್ರ ಯಾರ ಮ್ಯಾಲೆ ಪಡಬೇಕು? 2015ರಾಗ ಕನೆಕ್ಟಿಕಟ್ ಯೂನಿವರ್ಸಿಟಿಯ ಕ್ರಿಸ್ಟಿನ್ ಮನ್ಶ್ ಅನ್ನೋರು ಅಮೆರಿಕಾದ ಹರೇದ ಗಂಡ-ಹೆಂಡಿರ ಲೆಕ್ಕ ತಗದ್ರು, ಪೂರಾ ಹೆಂಡ್ತಿ ಪಗಾರದ ಮ್ಯಾಲ ಇರೋ ಗಂಡಸರೊಳಗ ವರ್ಷಕ್ಕ ಸುಮಾರು 15% ಮಂದಿ ಹೆಂಡ್ತಿಗೆ ಮೋಸ ಮಾಡಿ ಬ್ಯಾರೆ ಸಂಬಂಧ ಇಟ್ಕೊಂತಾರ, ಗಂಡನ ಪಗಾರದ ಮ್ಯಾಲ ಇರೋ ಹೆಣ್ಮಕ್ಕಳೊಳಗ ಸುಮಾರು 5%. ರೊಕ್ಕ ಹೋದಾಗ ನೋವು ಆಗೋದು ಮೀಸಿಗೆ, ನನಗಂತೂ ಹಂಗ ಅನಸ್ತದ. ಆ ಲೆಕ್ಕ ಅಲ್ಲೀದು ಖರೆ, ಆದ್ರ ಮೀಸಿ ಎಲ್ಲಾ ಕಡೆ ಒಂದ.

ಹೋದ ಸಲ ಊರಿಗೆ ಹೋದಾಗ ದೋಸ್ತನ ಮನಿಗೆ ಹೋಗಿದ್ದೆ, ಅಂವ ಪುಣೆದಾಗ ಟೆಂಪೋ ಹೊಡಿತಾನ. ಫೋನ್ ಬಂತು, ಅವನ ಹೆಂಡ್ತಿ ಸ್ಪೀಕರ್ ಹಾಕಿ ಪಡಸಾಲ್ಯಾಗ ಕುಂತ ಮಾತಾಡಿದ್ಲು, ಅತ್ತಿಗೆ ಕೇಳಲಿ ಅಂತ. ಮಾತಾಡಿದ್ದು ಗಂಡನ ಜೋಡಿ.