ಡಾಸ್ ಓಡಿಸೋಕೆ ಲಿನಕ್ಸ್ ಯಾಕ್ರೀ ಬೇಕು?

ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಯ ಹಳೇ ವರ್ಡ್‌ಸ್ಟಾರ್ (ಟೈಪಿಂಗ್‌ಗೆ), ಡಿಬೇಸ್ (ಪಟ್ಟಿಗಳಿಗೆ) ಓಡಿಸುವ ಪುಟ್ಟ ಬ್ಯಾಟರಿ ಯಂತ್ರದ ಮಾತೆತ್ತಿದರೆ ಸಾಕು, ಮುಂಬಯಿಯ ನಮ್ಮ ಟೆಕ್ಕಿ ಮಿತ್ರರದು ಒಂದೇ ಉತ್ತರ: ‘ರಾಸ್ಪ್‌ಬೆರಿ ಪೈ ಝೀರೋ ತಗೊಳ್ಳಿ, ಡಾಸ್‌ಬಾಕ್ಸ್ ಹಾಕಿ, ಮುಗೀತು.’ ಮುಗಿಯುತ್ತೆ, ನಿಜ: ಪೈ ಝೀರೋ ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್, ಡಾಸ್‌ಬಾಕ್ಸ್ ಅದರ ಮೇಲೆ ಡಾಸ್ ಯಂತ್ರದಂತೆ ನಟಿಸುವ ಪ್ರೋಗ್ರಾಮ್. ವಿಂಡೋಸ್ 95 ಬೇಕು ಅನ್ನುವವರು ಅದನ್ನೇ ತಗೊಳ್ಳಲಿ, ಜಗಳವಿಲ್ಲ. ಆದರೆ 640 ಕೆಬಿ ಮೆಮೊರಿಯಲ್ಲಿ ಬದುಕುವ ಪ್ರೋಗ್ರಾಮಿಗಾಗಿ ಇಡೀ ಲಿನಕ್ಸ್ ಎಬ್ಬಿಸಿ ಕೂರಿಸುವುದು ದಂಡ. 1981ರ ಐಬಿಎಂ ಪಿಸಿಯ ಪವರ್ ಸಪ್ಲೈ 63.5 ವ್ಯಾಟಿನದು, ಅದರೊಳಗಿನ 4.77 ಮೆಗಾಹರ್ಟ್ಸ್ 8088 ಪ್ರೊಸೆಸರ್ ಮಾಡುತ್ತಿದ್ದ ಕೆಲಸವನ್ನು ಇವತ್ತು ಸುಮಾರು 0.1 ವ್ಯಾಟಿನ ಮೈಕ್ರೊಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಮಾಡಬಲ್ಲದು.

ಡಾಸ್‌ಗೂ ಮುಂಚಿನ ಸಿಪಿ/ಎಂ ವ್ಯವಸ್ಥೆ ಮಾತ್ರ ಸಾಕೆಂದರೆ, ಅಂಥ ಮೈಕ್ರೊಕಂಟ್ರೋಲರ್ ಬೋರ್ಡಾದ ಮಾಮೂಲಿ ಪೈ ಪಿಕೊ ಸಾಕು. ಅದರ 264 ಕೆಬಿ ಮೆಮೊರಿಯಲ್ಲಿ ಸಿಪಿ/ಎಂ ಓಡುತ್ತಿದ್ದ ಝಡ್80 ಪ್ರೊಸೆಸರಿನ ಇಡೀ 64 ಕೆಬಿ ಕೂತು ಇನ್ನೂ ಜಾಗ ಉಳಿಯುತ್ತದೆ. ಹಳೆ ಯಂತ್ರದಂತೆ ನಟಿಸುವ ‘ರನ್‌ಸಿಪಿಎಂ’ ಎಮ್ಯುಲೇಟರ್ ಉಚಿತ. ಎಸ್‌ಡಿ ಕಾರ್ಡಿನಲ್ಲಿ ಎ, ಬಿ ಎಂದು ಫೋಲ್ಡರ್ ಮಾಡಿ, ಒಳಗೆ 0 ಎಂಬ ಫೋಲ್ಡರಿಗೆ ಫೈಲ್ ಹಾಕಿದರೆ ಅವೇ ಡ್ರೈವ್‌ಗಳು. ಡಾಸ್‌ಗೆ ಮಾತ್ರ ಆರ್‌ಪಿ2350 ಚಿಪ್ ಜತೆ 8 ಎಂಬಿ ಪಿಎಸ್‌ರ್ಯಾಮ್ (ಹೊರಗಿನ ಹೆಚ್ಚುವರಿ ಮೆಮೊರಿ) ಇರುವ ಬೋರ್ಡ್ ಬೇಕು. ಚಿಪ್‌ನ ಸ್ವಂತ 520 ಕೆಬಿಯಲ್ಲಿ 640 ಹಿಡಿಯುವುದಿಲ್ಲ.

ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕಿಳಿದು ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗುವವರು ಒಂದನ್ನು ನೋಡಿಕೊಳ್ಳಿ. ಅಗ್ಗದ ಬೋರ್ಡ್‌ಗಳಲ್ಲಿ ಬರುವ ರೆಗ್ಯುಲೇಟರ್ (ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಚಿಪ್) ಬಹುತೇಕ ಎಎಂಎಸ್1117. ಅದು ತನ್ನ ಹೊಟ್ಟೆಗೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ. ದಿನಕ್ಕೆ 120 ಮಿಲಿಆಂಪ್-ಅವರ್, ಅಂದರೆ 2500 ಮಿಲಿಆಂಪ್-ಅವರಿನ 18650 ಲಿಥಿಯಂ ಸೆಲ್ ಏನೂ ಕೆಲಸ ಮಾಡದೆ 20 ದಿನಕ್ಕೆ ಖಾಲಿ! ಮೇಲಾಗಿ ಅದಕ್ಕೆ ಔಟ್‌ಪುಟ್‌ಗಿಂತ ಒಂದು ವೋಲ್ಟ್‌ನಷ್ಟು ಹೆಚ್ಚು ಬೇಕು, 3.7 ವೋಲ್ಟಿನ ಸೆಲ್‌ನಿಂದ 3.3 ಹೊರಡುವುದೇ ಇಲ್ಲ. ಪಿಕೊದಲ್ಲಿ 1.8ರಿಂದ 5.5 ವೋಲ್ಟ್ ತನಕ ಒಪ್ಪುವ ಕನ್ವರ್ಟರ್ ಇದೆ, ಸೆಲ್ಲನ್ನು ನೇರ ವಿಸಿಸ್ (VSYS) ಪಿನ್ನಿಗೆ ಕೊಡಬಹುದು. ಬೇರೆ ಬೋರ್ಡಾದರೆ ಎಚ್‌ಟಿ7333 ರೆಗ್ಯುಲೇಟರ್ ಹಾಕಿ. ಹಾಗೆಯೇ 18650 ಮೇಲೆ 9900 ಎಂಎಎಚ್ (ಮಿಲಿಆಂಪ್-ಅವರ್) ಎಂದು ಅಚ್ಚಾಗಿದ್ದರೆ ಮುಲಾಜಿಲ್ಲದೆ ವಾಪಸ್ ಇಡಿ. ಅಸಲಿ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ.

ಈಗ ನಿಜವಾದ ತಲೆನೋವು. ಡಾಸ್ ಪ್ರೋಗ್ರಾಮ್‌ಗಳಿಗೆ ಸುಮ್ಮನೆ ಕೂರಲು ಬರುವುದಿಲ್ಲ. ನೀವು ಯೋಚಿಸುತ್ತ ಕೂತಾಗಲೂ ವರ್ಡ್‌ಸ್ಟಾರ್ ‘ಕೀ ಬಂತಾ, ಕೀ ಬಂತಾ’ ಎಂದು ಕೇಳುತ್ತಲೇ ಇರುತ್ತದೆ, ಚಿಪ್ ಪೂರ್ತಿ ವೇಗದಲ್ಲಿ ಉರಿಯುತ್ತದೆ. ಎಮ್ಯುಲೇಟರಿನಲ್ಲಿ ಇಂಟರಪ್ಟ್ 16ಎಚ್ ಕರೆಗಳನ್ನು, ಅಂದರೆ ‘ಕೀ ಬಂತಾ’ ಎಂದು ಬಯಾಸನ್ನು (ಯಂತ್ರದ ಮೂಲ ತಂತ್ರಾಂಶ) ಕೇಳುವ ಕರೆಗಳನ್ನು, ಎಣಿಸಿ. ನಡುವೆ ಪರದೆಗೆ ಏನೂ ಬರೆಯದೆ ಸತತ ನೂರು ಸಲ ‘ಇಲ್ಲ’ ಎಂಬ ಉತ್ತರ ಹೋಗಿದ್ದರೆ ಮುಂದಿನ ಟೈಮರ್ ಟಿಕ್ ತನಕ, ಅಂದರೆ ಹೆಚ್ಚೆಂದರೆ 55 ಮಿಲಿಸೆಕೆಂಡ್, ಚಿಪ್ಪನ್ನು ಮಲಗಿಸಿ. ಕೀ ಒತ್ತಿದರೆ ತಕ್ಷಣ ಎಬ್ಬಿಸಿ. ಕೆಲವು ಪ್ರೋಗ್ರಾಮ್‌ಗಳು ಬಯಾಸನ್ನು ಕೇಳದೆ ಒತ್ತಿದ ಕೀಗಳು ಕಾಯುವ ಕೀಬೋರ್ಡ್ ಬಫರನ್ನೇ ನೇರ ಇಣುಕುತ್ತವೆ. ಅಲ್ಲಿ ಈ ಉಪಾಯ ನಡೆಯದು, ಆ ಬಫರಿನ ಸೂಚಿ ಇರುವ 0040:001ಎ ವಿಳಾಸದ ಓದನ್ನೂ ಗಮನಿಸುತ್ತಿರಬೇಕಾಗುತ್ತದೆ. ವೇಗ ಜಾಸ್ತಿ ಇದ್ದಷ್ಟು ಒಳ್ಳೆಯದು ಅಂದುಕೊಳ್ಳಬೇಡಿ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಮ್‌ಗಳು ವೇಗದ ಯಂತ್ರದಲ್ಲಿ ‘ರನ್‌ಟೈಮ್ ಎರರ್ 200’ ಎಂದು ಶುರುವಿಗೇ ಬಿದ್ದುಹೋಗುತ್ತವೆ.

ಪರದೆಗೆ ಎಲ್ಲರೂ ಇ-ಪೇಪರ್ ಅನ್ನುತ್ತಾರೆ. ಓದಲು ಸರಿ, ಟೈಪಿಂಗ್‌ಗೆ ಅಲ್ಲ; ಪೂರ್ತಿ ರಿಫ್ರೆಶ್‌ಗೆ ಸೆಕೆಂಡುಗಳು, ಅರೆಬರೆ ರಿಫ್ರೆಶ್‌ನಲ್ಲಿ ಹಳೆ ಅಕ್ಷರದ ನೆರಳು. ಶಾರ್ಪ್ ಮೆಮೊರಿ ಎಲ್‌ಸಿಡಿ ಇದಕ್ಕೆ ಹೇಳಿ ಮಾಡಿಸಿದ್ದು. 2.7 ಇಂಚಿನದರಲ್ಲಿ 400×240 ಚುಕ್ಕೆ: 5×10 ಅಕ್ಷರ ಹಾಕಿದರೆ ಸರಿಯಾಗಿ 80 ಕಾಲಂ, 24 ಸಾಲು. ಲೆಕ್ಕ ಚೆಂದ, ಆದರೆ ಒಂದು ಅಕ್ಷರದ ಅಗಲ 0.7 ಮಿಲಿಮೀಟರ್. ನಲವತ್ತು ದಾಟಿದ ಕಣ್ಣಿಗೆ ಅದು ಇರುವೆ ಸಾಲು. ನನ್ನ ಮತ 4.4 ಇಂಚಿನ 320×240ಕ್ಕೆ. 40 ಕಾಲಮಿನ ಕಿಟಕಿ, ಕರ್ಸರ್ ಜತೆ ಸರಿಯುವಂತೆ, ಅಕ್ಷರ 2.2 ಮಿಲಿಮೀಟರ್. ಇದಕ್ಕೆ 5 ವೋಲ್ಟಿನ ಪುಟ್ಟ ಬೂಸ್ಟರ್ ಬೇಕು. ವಿಕಾಮ್ ಸಿಗ್ನಲನ್ನು (ಪರದೆಯ ವಿದ್ಯುತ್ತಿನ ಧ್ರುವ ಬದಲಿಸುವ ಸಂಕೇತ) ಸೆಕೆಂಡಿಗೆ ಒಮ್ಮೆಯಾದರೂ ತಿರುಗಿಸಬೇಕು, ಚಿಪ್ ಮಲಗಿದ್ದಾಗಲೂ. ಮರೆತರೆ ಪರದೆಯ ಮೇಲೆ ಚಿತ್ರದ ಕಲೆ ನಿಲ್ಲುತ್ತದೆ.

ಕೀಬೋರ್ಡಿಗೆ ಯುಎಸ್‌ಬಿ ಬೇಡ, ಕೆಲವು ಕೀಬೋರ್ಡ್‌ಗಳು ಕಂಪ್ಯೂಟರಿಗಿಂತ ಹೆಚ್ಚು ಕರೆಂಟ್ ಎಳೆಯುತ್ತವೆ. 8 ಸಾಲು, 8 ಕಂಬದ ಮ್ಯಾಟ್ರಿಕ್ಸ್ ಆಗಿ ನೀವೇ ಜೋಡಿಸಿ: 64 ಸ್ವಿಚ್, 64 ಡಯೋಡ್ (1ಎನ್4148). ಆರ್‌ಪಿ2350ಯ ಮೊದಲ ಎ2 ಚಿಪ್‌ಗಳಲ್ಲಿ ಪುಲ್‌ಡೌನ್ (ಪಿನ್ನನ್ನು ಸೊನ್ನೆ ವೋಲ್ಟಿಗೆ ಎಳೆದಿಡುವುದು) ದೋಷವಿದೆ, ಪಿನ್ 2.2 ವೋಲ್ಟ್ ಸುಮಾರಿಗೆ ಸಿಕ್ಕಿಬೀಳುತ್ತದೆ. ಹಾಗಾಗಿ ಪುಲ್‌ಅಪ್ (ಮೇಲಕ್ಕೆ ಎಳೆದಿಡುವುದು) ಬಳಸಿಯೇ ಕೀಗಳನ್ನು ಓದಿ.

ಕನ್ನಡ? ಪುಣೆಯ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ, ಭಾರತೀಯ ಲಿಪಿ ಮೂಡಿಸುವ ಜಿಸ್ಟ್ ಕಾರ್ಡ್ ಹಾಕಿದ ಪಿಸಿಗಳಲ್ಲಿ ಡಾಸ್ ಮೇಲೆಯೇ ಕನ್ನಡ ಮೂಡುತ್ತಿತ್ತು. ನಿಮ್ಮ ಸಂಘದ ಸದಸ್ಯರ ಪಟ್ಟಿ ಹಾಗೆ ಇಸ್ಕಿಯಲ್ಲಿ (ಭಾರತೀಯ ಲಿಪಿಗಳ ಹಳೇ ಸಂಕೇತ ಪದ್ಧತಿ) ಉಳಿದಿದ್ದರೆ, ಕಾರ್ಡಿಲ್ಲದ ಈ ಯಂತ್ರದಲ್ಲಿ ‘ಅಕ್ಕ’ ಎಂಬುದು ತಲೆ ಮೇಲೆ ಅಲೆಗೆರೆಯ ಎನ್, ಒಂದು ನಿಂತ ಗೆರೆ, ಗ್ರೀಕ್ ಫೈ, ಮತ್ತೊಂದು ನಿಂತ ಗೆರೆ ಎಂದು ಕಾಣುತ್ತದೆ. ಡೇಟಾ ಕೆಟ್ಟಿಲ್ಲ, ಗಾಬರಿ ಬೇಡ: ಒಳಗಿರುವ ಇಸ್ಕಿ ಸಂಖ್ಯೆಗಳು ಅವೇ, 164, 179, 232, 179. ಇಲ್ಲಿ ಕನ್ನಡ ಮೂಡಿಸಲು ಒದ್ದಾಡಬೇಡಿ, 8 ಚುಕ್ಕೆಯ ಅಗಲದಲ್ಲಿ ಒತ್ತಕ್ಷರಕ್ಕೆ ಜಾಗವಿಲ್ಲ. ಡಿಬೇಸ್‌ನಿಂದ ಪಟ್ಟಿಯನ್ನು ಟೆಕ್ಸ್ಟ್ ಫೈಲಾಗಿ ತೆಗೆದು, ಎಸ್‌ಡಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಕಾರ್ಡ್ ತೆಗೆಯುವ ಮುನ್ನ ಪ್ರೋಗ್ರಾಮಿನಿಂದ ಹೊರಬಂದಿರಿ, ಇಲ್ಲದಿದ್ದರೆ ತೆರೆದಿಟ್ಟ ಡಿಬಿಎಫ್ (ಡಿಬೇಸ್ ಪಟ್ಟಿಯ) ಫೈಲಿನ ತಲೆಭಾಗದಲ್ಲಿ ದಾಖಲೆಗಳ ಎಣಿಕೆ ತಪ್ಪಾಗಿ ಉಳಿದುಬಿಡುತ್ತದೆ.