ಊದಲಾರದವನಿಗೆ ಫ್ಯಾನು ಜೋರು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಅವಳ ಹತ್ತಿರ ಇದ್ದದ್ದು ಒಂದೇ ನೆಪ. ಕೊಳಲು ಊದುವ ನಮ್ಮಂಥವರ ಹತ್ತಿರ ಒಂದು ಚೀಲದಷ್ಟಿವೆ.

ಮೊದಲನೆಯದು ಫ್ಯಾನು. ಇದು ಪೂರ್ತಿ ಸುಳ್ಳೇನಲ್ಲ ಸ್ವಾಮಿ. ತುಟಿಯ ಸಂದಿಯಿಂದ ಹೊರಟ ಉಸಿರು ಕಾಗದದ ಪಟ್ಟಿಯ ಹಾಗೆ ತೆಳ್ಳಗೆ ಹೋಗಿ, ಊದುವ ತೂತಿನ ಆಚೆ ಅಂಚಿಗೆ ಬಡಿಯಬೇಕು. ಸರಿಯಾಗಿ ಬಡಿದರೆ ನಾದ. ಕೂದಲೆಳೆಯಷ್ಟು ಆಚೀಚೆ ಆದರೆ ಬುಸ್. ಮಧ್ಯೆ ಫ್ಯಾನಿನ ಗಾಳಿ ಅಡ್ಡ ಬಂದರೆ ಕಥೆ ಮುಗಿಯಿತು. ಹಾಗಾಗಿ ನಾನು ಯಾರ ಮನೆಗೆ ಹೋದರೂ ಮೊದಲು ನೋಡುವುದು ಸೂರನ್ನು. ಆಮೇಲೆ ಮನೆಯವರ ಮುಖ.

ಹೋದ ಬೇಸಿಗೆಯಲ್ಲಿ ದೊಡ್ಡಮ್ಮನ ಮಗನ ಗೃಹಪ್ರವೇಶ. ಊಟ ಆಯಿತು. ಎಲೆ ಅಡಿಕೆ ಆಯಿತು. "ಒಂದೆರಡು ಹಾಡು ನುಡ್ಸೋ, ಹೆಂಗೂ ತಂದಿದೀಯಲ್ಲ" ಅಂದರು ದೊಡ್ಡಮ್ಮ. ನಾನು ಬೇಡ ಬೇಡ ಅನ್ನುತ್ತಲೇ ಚೀಲದ ಜಿಪ್ಪು ಎಳೆದೆ. ಕೂತು, ಗಂಟಲು ಸರಿ ಮಾಡಿಕೊಂಡು (ಕೊಳಲಿಗೆ ಗಂಟಲು ಯಾಕೆ ಅಂತ ಕೇಳಬೇಡಿ, ಅದೊಂದು ಅಭ್ಯಾಸ), "ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ?" ಅಂದೆ.

ಏಪ್ರಿಲ್ ತಿಂಗಳು. ಹಾಲಿನಲ್ಲಿ ನಲವತ್ತು ಜನ. ಎಲ್ಲರ ಹೊಟ್ಟೆಯಲ್ಲೂ ಹೋಳಿಗೆ ಊಟ. ಫ್ಯಾನು ನಿಂತಿತು. ಹೆಂಗಸರು ಸೆರಗಿನಿಂದ, ಗಂಡಸರು ಶಲ್ಯದಿಂದ ಗಾಳಿ ಬೀಸಿಕೊಂಡರು. ಮುಂದಿನ ಸಾಲಿನಲ್ಲಿ ಕೂತ ಹುಡುಗಿಯೊಬ್ಬಳು ಗೃಹಪ್ರವೇಶದ ಆಹ್ವಾನ ಪತ್ರಿಕೆಯನ್ನೇ ಬೀಸಣಿಗೆ ಮಾಡಿಕೊಂಡಳು. ನಾನು ಆ ಗಾಳಿಗೂ ಹುಬ್ಬು ಗಂಟಿಕ್ಕಿದೆ. ಅವಳು ಪತ್ರಿಕೆ ಕೆಳಗಿಟ್ಟಳು.

ಹಂಸಧ್ವನಿ ಶುರು ಮಾಡಿದೆ. ಕೆಳಗೆ ಚೆನ್ನಾಗೇ ಇತ್ತು. ಮೇಲಿನ ಷಡ್ಜಕ್ಕೆ ಹಾರಿದೆ. ಬುಸ್. ಇನ್ನೊಮ್ಮೆ ಹಾರಿದೆ. ಮತ್ತೆ ಬುಸ್, ಈ ಸಲ ಸ್ವಲ್ಪ ಜಾಸ್ತಿ. ಮೂಲೆಯ ಕುರ್ಚಿಯಲ್ಲಿ ಬೆವರಿನಿಂದ ಒದ್ದೆಯಾಗಿ ಕೂತಿದ್ದ ದೊಡ್ಡಪ್ಪ ತಣ್ಣಗೆ ಕೇಳಿದರು: "ಈಗ ಫ್ಯಾನ್ ಇಲ್ವಲ್ಲಪ್ಪಾ?"

ನಿಜ ಹೇಳಬೇಕೆಂದರೆ ತಪ್ಪು ಹೋಳಿಗೆಯದು. ಮೂರು ಹೋಳಿಗೆ, ಒಂದೊಂದಕ್ಕೂ ಎರಡು ಮಿಳ್ಳೆ ತುಪ್ಪ. ತುಟಿ ನಿಂತಲ್ಲಿ ನಿಲ್ಲದೆ ಜಾರುತ್ತಿತ್ತು. ಅದನ್ನು ಹೇಳಲಾಗುತ್ತದೆಯೇ? "ಬಿದಿರು ಒಣಗಿದೆ ದೊಡ್ಡಪ್ಪಾ, ಬೇಸಿಗೆ ಅಲ್ವಾ" ಅಂದೆ.

ಬಿದಿರು ನಮ್ಮ ಎರಡನೆಯ ನೆಪ. ಅದೂ ಅರ್ಧ ನಿಜವೇ. ಒಣ ಹವೆಗೆ ಬಿದಿರು ಸೀಳುತ್ತದೆ. ಅದಕ್ಕೇ ಕೊಳಲಿಗೆ ದಾರ ಸುತ್ತುವುದು, ಎಣ್ಣೆ ಹಚ್ಚುವುದು. ನನಗೆ ಎಣ್ಣೆಸ್ನಾನ ದೀಪಾವಳಿಗೊಮ್ಮೆ. ಅವಕ್ಕೆ ತಿಂಗಳಿಗೊಮ್ಮೆ. ಚಳಿಯದ್ದು ಇನ್ನೊಂದು ಪಾಡು. ಎ.ಸಿ. ಹಾಲಿನಲ್ಲಿ ತಣ್ಣಗಾದ ಕೊಳಲು ಶ್ರುತಿಗಿಂತ ಕೆಳಗೆ ನುಡಿಯುತ್ತದೆ. ಊದುತ್ತಾ ಊದುತ್ತಾ ಬೆಚ್ಚಗಾದರೆ ಮೇಲೇರುತ್ತದೆ. ಪಕ್ಕದ ಪಿಟೀಲಿನವರು ಏನೂ ಅನ್ನುವುದಿಲ್ಲ, ಸುಮ್ನೆ ನೋಡುತ್ತಾರೆ. ಆ ನೋಟ ತಪ್ಪಿಸಿಕೊಳ್ಳಲು ನಾನು ವೇದಿಕೆ ಹತ್ತುವ ಮೊದಲು ಕೊಳಲನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತೇನೆ. ಒಂದು ಸಲ ಸಂಘಟಕರೊಬ್ಬರು ಹತ್ತಿರ ಬಂದು "ಜ್ವರಾನಾ ಸಾರ್?" ಅಂತ ಕಾಳಜಿಯಿಂದ ಕೇಳಿದರು.

ವೀಣೆಯವರು, ಪಿಟೀಲಿನವರು ಪುಣ್ಯವಂತರು. ಶ್ರುತಿ ಬದಲಾದರೆ ಬಿರಡೆ ತಿರುಗಿಸಿದರೆ ಆಯಿತು. ಕೊಳಲಿಗೆ ಬಿರಡೆ ಇಲ್ಲ. ಐದು ಮನೆ ಶ್ರುತಿಗೆ (ಹಾರ್ಮೋನಿಯಂ ಮನೆ, ವಾಸದ ಮನೆಯಲ್ಲ) ಒಂದು ಕೊಳಲು, ಐದೂವರೆಗೆ ಇನ್ನೊಂದು, ಎರಡೂವರೆಗೆ ಮತ್ತೊಂದು. ಹೀಗೆ ನ್ಯಾಯವಾಗಿ ಶುರುವಾದದ್ದು ಈಗ 23ಕ್ಕೆ ಬಂದು ನಿಂತಿದೆ. ಇದರಲ್ಲಿ ಐದು ಮನೆಯವೇ ಆರು ಇವೆ. ಯಾಕೆ ಅಂತ ಹೆಂಡತಿಗೆ ಇನ್ನೂ ವಿವರಿಸಿಲ್ಲ. ಎಂಟು ತೂತಿನ ನಮ್ಮ ಕೊಳಲು ಸಾಲದೆ, ಹಿಂದೂಸ್ತಾನಿಯವರ ಆರು ತೂತಿನ ದೊಡ್ಡ ಕೊಳಲು, ಬಾನ್ಸುರಿಯನ್ನೂ ತಂದೆ. ಪನ್ನಾಲಾಲ್ ಘೋಷ್ ಅವರು ಬಾನ್ಸುರಿಯನ್ನು ಸುಮಾರು 32 ಇಂಚಿಗೆ ಉದ್ದ ಮಾಡಿ ಅದರ ಗಾಂಭೀರ್ಯ ಹೆಚ್ಚಿಸಿದರು. ನನ್ನ ಬೆರಳು ಮಾತ್ರ ಇದ್ದಷ್ಟೇ ಉದ್ದ ಉಳಿದವು. ಅದೀಗ ಅಟ್ಟದ ಜೇಡರ ಬಲೆ ತೆಗೆಯಲು ಬಳಕೆಯಾಗುತ್ತಿದೆ ಅಂತ ಅನುಮಾನ.

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ರೂಪಿಸಿದ ಜಿ. ರಾಜ್ ನಾರಾಯಣ್ ಕೂಡ ಕೊಳಲು ವಾದಕರೇ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಊದುವವನ ಎರಡೂ ಕೈ ಕೊಳಲಿನ ಮೇಲೆ, ಪಕ್ಕದಲ್ಲಿ ತಂಬೂರಿ ಮೀಟುವವರು ಯಾರು? ಸೊಳ್ಳೆ ಹೊಡೆಯುವ ಯಂತ್ರವನ್ನೂ ಯಾರಾದರೂ ಕೊಳಲಿನವರೇ ಕಂಡುಹಿಡಿದರೆ ಒಳ್ಳೆಯದಿತ್ತು. ಗಾಯಕರಿಗೆ ಸೊಳ್ಳೆ ಕಚ್ಚಿದರೆ ತಾಳ ಹಾಕುವ ನೆಪದಲ್ಲಿ ತೊಡೆಗೆ ಬಡಿಯಬಹುದು. ನಮಗೆ ಮೂಗಿನ ತುದಿಯಲ್ಲಿ ಕೂತದ್ದನ್ನೂ ಓಡಿಸಲು ಆಗುವುದಿಲ್ಲ. ಮೋಹನ ರಾಗದ ಒಂದು ಆಲಾಪನೆಯಲ್ಲಿ ನಾನು ತಲೆ ಅಲ್ಲಾಡಿಸಿದ ರೀತಿಗೆ ಒಬ್ಬ ಹಿರಿಯರು ಕಣ್ಣೀರು ತುಂಬಿಕೊಂಡಿದ್ದರು. ಅದು ಸೊಳ್ಳೆ ಅಂತ ಹೇಳಲು ಮನಸ್ಸು ಬರಲಿಲ್ಲ.

ಮಾಲಿ, ಅಂದರೆ ಕೊಳಲು ವಿದ್ವಾಂಸ ಟಿ.ಆರ್. ಮಹಾಲಿಂಗಂ ಅವರು, ಮನಸ್ಸಿಗೆ ಬಂದರೆ ಕಛೇರಿಯ ಮಧ್ಯೆಯೇ ಎದ್ದು ಹೋಗುತ್ತಿದ್ದರಂತೆ. ಜನ ಗೋಳಾಡುತ್ತಿದ್ದರು, ಮುಂದಿನ ಕಛೇರಿಗೆ ಮತ್ತೆ ಬರುತ್ತಿದ್ದರು. ನಾನೂ ಹಾಗೆ ಎದ್ದು ಹೋಗಬಹುದು. ಆದರೆ ಜನ ಫ್ಯಾನ್ ಹಾಕಿಕೊಳ್ಳುತ್ತಾರೆ ಅನ್ನುವ ಭಯ.

ಪ್ರಯಾಣಕ್ಕೆ ನಾನು ಕೊಳಲುಗಳನ್ನು ಪಿವಿಸಿ ಪೈಪಿನೊಳಗೆ ಹಾಕಿ ಎರಡೂ ಕಡೆ ಮುಚ್ಚಳ ಹಾಕುತ್ತೇನೆ. ಭದ್ರ, ಅಗ್ಗ. ಒಂದೇ ತೊಂದರೆ, ಬಸ್ಸಿನಲ್ಲಿ ಪಕ್ಕ ಕೂತವರು "ಸಂಪ್ ಕ್ಲೀನ್ ಮಾಡೋಕೆ ಎಷ್ಟು ತಗೋತೀರಾ?" ಅಂತ ಕೇಳುತ್ತಾರೆ. ಮೊನ್ನೆ ಮೆಟ್ರೋ ಸ್ಟೇಷನ್ನಿನಲ್ಲಿ ಪೈಪು ಸ್ಕ್ಯಾನರಿನೊಳಗೆ ಹೋಯಿತು. ಪರದೆಯ ಮೇಲೆ ಸಾಲಾಗಿ ತೂತಿರುವ ಕೊಳವೆಗಳು ಕಂಡವು.

"ಏನ್ ಸಾರ್ ಇದು?"

"ಕೊಳಲು."

"ಊದಿ ನೋಡೋಣ."

ಹಿಂದೆ ಉದ್ದ ಸಾಲು. ನಾನು ತುಟಿಗಿಟ್ಟೆ. ಬುಸ್. ಸೆಕ್ಯೂರಿಟಿಯವರ ಮುಖದಲ್ಲಿದ್ದ ನಗು ಮಾಯವಾಯಿತು. ಇನ್ನೊಮ್ಮೆ ಊದಿದೆ. ಪುಣ್ಯಕ್ಕೆ ಪಂಚಮ ಬಂತು. ಜೀವನದಲ್ಲಿ ಅಷ್ಟು ಶುದ್ಧವಾದ ಪಂಚಮ ನಾನು ನುಡಿಸಿಲ್ಲ. ಅಲ್ಲಿ ಫ್ಯಾನು ತಿರುಗುತ್ತಲೇ ಇತ್ತು ಅನ್ನುವುದನ್ನು ದಯವಿಟ್ಟು ದೊಡ್ಡಪ್ಪನಿಗೆ ಹೇಳಬೇಡಿ.

ಇನ್ನು ಜಾತ್ರೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಾನು ಹೋಗುವುದು ಕಡಲೆಕಾಯಿಗಲ್ಲ. ಒಂದು ಕೋಲಿನ ತುದಿಗೆ ಕೊಳಲುಗಳನ್ನು ನವಿಲಿನ ಗರಿಯ ಹಾಗೆ ಸಿಕ್ಕಿಸಿಕೊಂಡು ಊದುತ್ತಾ ಬರುವವನಿದ್ದಾನಲ್ಲ, ಅವನಿಗೆ. ಆ ಗಲಾಟೆ, ಆ ಪೀಪಿ, ಆ ಗಾಳಿ. ಅವನ ಸ್ವರ ಒಂದೂ ತಪ್ಪುವುದಿಲ್ಲ. ಊದುತ್ತಲೇ ಚಿಲ್ಲರೆ ಎಣಿಸುತ್ತಾನೆ. ಎಡಗೈಯ ಮೂರು ಬೆರಳಲ್ಲೇ ಹಾಡು ನಡೆಯುತ್ತದೆ.

ಈ ಸಲ ನಿಂತೆ. ಒಂದನ್ನು ಎತ್ತಿಕೊಂಡೆ. ಒಳಗೆ ಇಣುಕಿದೆ, ತೂತಿನ ಅಂಚು ಸವರಿದೆ, ಬೆಳಕಿಗೆ ಹಿಡಿದು ಸೀಳಿದೆಯಾ ಅಂತ ನೋಡಿದೆ. ತಿಳಿದವನು ಅಂತ ಅವನಿಗೆ ಗೊತ್ತಾಗಲಿ ಅಂತಲೇ ಇಷ್ಟೆಲ್ಲ. ಆಮೇಲೆ ಊದಿದೆ. ಬುಸ್.

ಅವನು ನನ್ನ ಕೈಯಿಂದ ಕೊಳಲನ್ನು ಮೆಲ್ಲಗೆ ತೆಗೆದುಕೊಂಡ. "ಹಂಗಲ್ಲ ಸಾರ್, ಬಾಟ್ಲಿ ಊದ್ದಂಗೆ ಊದ್ಬಾರ್ದು. ಕೆಳತುಟಿ ಹಿಂಗೆ ಮಡಚ್ಕೊಳ್ಳಿ. ಹೂಂ, ಈಗ ಮೆತ್ತಗೆ." ಸುತ್ತ ನಾಲ್ಕು ಮಕ್ಕಳು ನಿಂತು ನೋಡಿದರು. ಹದಿನೆಂಟು ವರ್ಷದಿಂದ ಕಲಿಯುತ್ತಿದ್ದೇನೆ ಅಂತ ನಾನು ಹೇಳಲಿಲ್ಲ. ಅವನು ಹೇಳಿದ ಹಾಗೆ ತುಟಿ ಮಡಚಿದೆ. ಬಂತು. "ನೋಡಿದ್ರಾ! ದಿನಾ ಒಂದೈದು ನಿಮ್ಷ ಊದಿ, ಬರುತ್ತೆ" ಅಂದ. ಐವತ್ತು ರೂಪಾಯಿ ಕೊಟ್ಟೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

24ನೆಯದನ್ನು ಕಡಲೆಕಾಯಿ ಚೀಲದಲ್ಲಿ ಬಚ್ಚಿಟ್ಟು ಮನೆಗೆ ತಂದೆ. ಹೆಂಡತಿ ಚೀಲ ಸುರಿದಾಗ ಕಾಯಿಯ ಜೊತೆ ಅದೂ ಬಿತ್ತು. ಅವಳು ಏನೂ ಅನ್ನಲಿಲ್ಲ. "ಊದಿ, ಕೇಳೋಣ" ಅಂದಳು ಅಷ್ಟೇ.

ಕೆಳತುಟಿ ಮಡಚಿ, ಮೆತ್ತಗೆ ಊದಿದೆ. ಬುಸ್.

ನಾನು ಬಾಯಿ ತೆರೆಯುವ ಮೊದಲೇ ಅವಳು ಎದ್ದು ಹೋಗಿ ಫ್ಯಾನ್ ಆಫ್ ಮಾಡಿದಳು.